ತಗಡೋ ಫೈಬರೋ: ಎರಿ ನಾಡಿನ ಹಳೇ ಗಾಡಿಗಳ ಮಡ್‌ಗಾರ್ಡ್ ಮಾತು

“ಗೌಡ್ರ, ತಗಡ ಹೊಡಸ್ತೀರೋ, ಫೈಬರ್ ಕುಂದ್ರಸ್ತೀರೋ?”

ಹಳೇ ಜೀಪನ್ನೋ ಅಂಬಾಸಡರನ್ನೋ ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದವರಿಗೆ ಕಲಬುರಗಿ ಕಡೆಯ ಮಿಸ್ತ್ರಿ ಹಾಕುವ ಪ್ರಶ್ನೆ ಇದು. ಎಂಜಿನ್ನಿನ ವಿಷಯದಲ್ಲಿ ಇಂಥ ಇಕ್ಕಟ್ಟಿಲ್ಲ. ಪಿಸ್ಟನ್ ಸವೆದಿದ್ದರೆ ಬದಲಿಸಬೇಕು, ಬೋರ್ ಹೋಗಿದ್ದರೆ ಮಾಡಿಸಬೇಕು, ಮುಗಿಯಿತು. ಮಡ್‌ಗಾರ್ಡಿನ ಮಾತು ಬಂತೆಂದರೆ ಮನೆಮಂದಿಯೆಲ್ಲ ಬಾಯಿ ಹಾಕುತ್ತಾರೆ. ಅಪ್ಪನ ಕಾಲದ ಗಾಡಿ, ತಗಡೇ ಇರಲಿ ಎನ್ನುವುದು ಹಿರಿಯರ ಹಟ. ಫೈಬರ್ ಆದರೆ ತುಕ್ಕು ಹಿಡಿಯುವುದಿಲ್ಲ, ಹಗುರ, ಖರ್ಚೂ ಕಡಿಮೆ ಎನ್ನುವುದು ಹುಡುಗರ ವಾದ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಗಾಡಿ ಯಾವುದು, ಅದು ಇನ್ನು ಮುಂದೆ ಏನು ಮಾಡಬೇಕು, ಯಾವ ಮಣ್ಣಿನಲ್ಲಿ ಓಡಬೇಕು ಎಂಬುದನ್ನು ನೋಡದೆ ತೀರ್ಪು ಕೊಡಲು ಬರುವುದಿಲ್ಲ.

ಮೊದಲು ಮಣ್ಣಿನಿಂದಲೇ ಶುರು ಮಾಡೋಣ. ಜೇವರ್ಗಿಯಿಂದ ಸಿಂದಗಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನೆಲೋಗಿ ಕ್ರಾಸ್ ಸಿಗುತ್ತದೆ. ಅಲ್ಲಿ ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದರೆ ಕಣ್ಣು ಹಾಯುವವರೆಗೆ ಎರಿ ಭೂಮಿ. ಭೀಮಾ ನದಿಯ ಆಚೆ ಅಫಜಲಪುರ, ಅದರ ಮೇಲೆ ಆಳಂದ, ಈಚೆ ಜೇವರ್ಗಿ, ಮೂರೂ ತಾಲೂಕುಗಳ ಬಹುಪಾಲು ಹೊಲ ಇದೇ ಕಪ್ಪು ಮಣ್ಣಿನದು. ತೊಗರಿಗೂ ಜೋಳಕ್ಕೂ ಇದು ವರ. ಹಿಂಗಾರಿಯಲ್ಲಿ ಮಳೆ ಇಲ್ಲದೆಯೂ ಜೋಳ ನಿಲ್ಲುವುದು ಈ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುವುದರಿಂದ. ಅದೇ ಗುಣ ಗಾಡಿಯ ತಗಡಿಗೆ ಶತ್ರು. ಮಳೆಗಾಲದಲ್ಲಿ ಗಾಲಿ ಎರಚಿದ ಎರಿ ಮಣ್ಣು ಮಡ್‌ಗಾರ್ಡಿನ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಮೂಲೆಗಳಲ್ಲಿ, ಬೋಲ್ಟಿನ ಪಟ್ಟಿಯ ಹಿಂದೆ, ಹೆಡ್‌ಲೈಟಿನ ಬಟ್ಟಲಿನ ಮೇಲೆ ಮುದ್ದೆ ಮುದ್ದೆಯಾಗಿ ಕೂರುತ್ತದೆ. ಮಳೆ ನಿಂತು ಹೊರಗೆ ಬಿಸಿಲು ಕಾದರೂ ಒಳಗಿನ ಮುದ್ದೆ ಆರುವುದಿಲ್ಲ. ತಗಡು ದಿನವಿಡೀ ತೇವದಲ್ಲೇ ಇರುತ್ತದೆ. ತುಕ್ಕಿಗೆ ಬೇಕಾದದ್ದು ಎರಡೇ, ನೀರು ಮತ್ತು ಗಾಳಿ. ಎರಡೂ ಅಲ್ಲಿ ಸಿಗುತ್ತವೆ.

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ತುಂಬುತ್ತದೆ. ಹಾಗಾಗಿ ಎರಡು ತಗಡು ಕೂಡುವ ಸಂದಿಯಲ್ಲಿ ತುಕ್ಕು ಹುಟ್ಟಿತೆಂದರೆ ಅದು ಒಳಗಿನಿಂದಲೇ ಉಬ್ಬಿ ಬೆಸುಗೆಯನ್ನು ಬಿಚ್ಚುತ್ತದೆ. ಹೊರಗೆ ಬಣ್ಣದ ಮೇಲೆ ಸಾಸಿವೆ ಗಾತ್ರದ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಹೆಸರಿಗೆ ಮಾತ್ರ ಉಳಿದಿರುತ್ತದೆ. ಹಳೇ ಕಾಲದ ಮಡ್‌ಗಾರ್ಡುಗಳಲ್ಲಿ ಇನ್ನೊಂದು ತೊಡಕಿದೆ. ಅಂಚು ಗಟ್ಟಿಯಾಗಿರಲೆಂದು ಕಬ್ಬಿಣದ ತಂತಿಯೊಂದನ್ನು ಇಟ್ಟು ತಗಡನ್ನು ಅದರ ಸುತ್ತ ಮಡಚಿರುತ್ತಾರೆ. ನೋಡಲು ಬಲು ಚೆಂದ, ಕೈಯಾಡಿಸಿದರೆ ದುಂಡಗೆ ಹತ್ತುತ್ತದೆ. ಆದರೆ ಆ ಮಡಿಕೆಯೊಳಗೆ ಹೋದ ನೀರಿಗೆ ಹೊರದಾರಿಯಿಲ್ಲ.

ಇಷ್ಟು ಕೇಳಿದವರು ಫೈಬರೇ ಸರಿ ಎನ್ನಬಹುದು. ಫೈಬರ್ ತುಕ್ಕು ಹಿಡಿಯುವುದಿಲ್ಲ ಎಂಬುದು ನೂರಕ್ಕೆ ನೂರು ನಿಜ. ಆದರೂ ನನ್ನ ಮನಸ್ಸು ತಗಡಿನ ಕಡೆಗೇ ಇದೆ. ಯಾಕೆಂದು ಹೇಳುವ ಮೊದಲು ನಮ್ಮ ಭಾಗದ ಗಾಡಿಗಳನ್ನು ಸ್ವಲ್ಪ ನೆನೆಯಬೇಕು.

ಈ ಸೀಮೆ 1948ರ ಸೆಪ್ಟೆಂಬರ್‌ವರೆಗೂ ನಿಜಾಮರದ್ದು. ನಿಜಾಮರ ಹಳದಿ ರೋಲ್ಸ್ ರಾಯ್ಸ್ ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ, ಹೋದವರೆಲ್ಲ ನೋಡಿ ಬರಬಹುದು. ಅಂಥವು ನಮ್ಮ ಹಳ್ಳಿಗಳ ಗಾಡಿಗಳಾಗಿರಲಿಲ್ಲ. ಜನ ಮೊದಲು ಕಂಡ ಮೋಟಾರು ಬಸ್ಸು. ನಿಜಾಮರ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರಲ್ಲಿ 27 ಆಲ್ಬಿಯನ್ ಬಸ್ಸುಗಳಿಂದ ಆರಂಭವಾದದ್ದು. ಆಮೇಲೆ ಬಂದದ್ದು ಜೀಪು. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಮುಂದೆ ದಶಕಗಳ ಕಾಲ ಸಿಜೆ-3ಬಿ ಎಂಬ ಅದೇ ಚಪ್ಪಟೆ ಮಡ್‌ಗಾರ್ಡಿನ ಜೀಪು ಈ ದೇಶದ ಹಳ್ಳಿ ರಸ್ತೆಗಳನ್ನು ಆಳಿತು. ಅತ್ತ ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಿಂದ ಮೋರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹೊರಟ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೂ ತಯಾರಾಯಿತು.

ನೆಲೋಗಿಯ ಮಂದಿಗೆ ಈ ಎರಡು ಗಾಡಿಗಳ ಪರಿಚಯ ಹೇಳಿಕೊಡಬೇಕಾಗಿಲ್ಲ. 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಇದೇ ಊರಿನವರು. ಜೇವರ್ಗಿಯಿಂದ ಅವರು ಮತ್ತೆ ಮತ್ತೆ ಗೆದ್ದ ಆ ದಶಕಗಳಲ್ಲಿ ಚುನಾವಣೆ ಅಂದರೆ ಜೀಪು, ಸರಕಾರ ಅಂದರೆ ಬಿಳಿ ಅಂಬಾಸಡರ್. ಜಾತ್ರೆಗೂ ಜೀಪು, ಹುಣ್ಣಿಮೆಗೆ ಗಾಣಗಾಪುರಕ್ಕೂ ಜೀಪು, ಹೆರಿಗೆ ನೋವು ಕಂಡವರನ್ನು ಕಲಬುರಗಿಗೆ ಒಯ್ಯಲೂ ಜೀಪು. ಒಳಗೆ ಜಾಗ ಸಾಲದಾದಾಗ ಜನ ಕೂತದ್ದು ಮಡ್‌ಗಾರ್ಡಿನ ಮೇಲೆ. ಚಪ್ಪಟೆಯಾದ ಆ ತಗಡು ನಮ್ಮ ಕಡೆ ಅರ್ಧ ಆಸನವೇ ಆಗಿತ್ತು. ಎರಡನೇ ಮಹಾಯುದ್ಧದ ಸೈನಿಕರು ಅದನ್ನೇ ಮೇಜು ಮಾಡಿಕೊಂಡು ನಕ್ಷೆ ಹರಡಿದರು, ಊಟ ಮಾಡಿದರು. ಓಡುವ ಗಾಡಿಯ ಮಡ್‌ಗಾರ್ಡಿನ ಮೇಲೆ ಕೂರುವುದು ಪ್ರಾಣಕ್ಕೆ ಅಪಾಯ, ಯಾರೂ ಕೂರಬಾರದು. ನಾನು ಹೇಳಹೊರಟಿದ್ದು, ಆ ತಗಡು ಅಷ್ಟು ಭಾರವನ್ನು ತಡೆದಿತ್ತು ಎಂದು. ತೆಳು ಫೈಬರಿನ ಮಡ್‌ಗಾರ್ಡ್ ಹಾಕಿಸಿದ ಜೀಪಿನ ಮೇಲೆ, ಗಾಡಿ ನಿಂತಾಗಲೂ, ಒಬ್ಬ ಆಳು ಕಾಲಿಟ್ಟು ಹತ್ತಿದರೆ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ.

ಹಾಗಂತ ಫೈಬರನ್ನು ಹಗುರವಾಗಿ ಕಾಣುವ ಮನಸ್ಸು ನನ್ನದಲ್ಲ. ಅದರ ಹಿಂದೆ ದೊಡ್ಡ ಕಥೆಯಿದೆ. 1953ರ ಜೂನ್ 30ರಂದು ಅಮೆರಿಕದ ಫ್ಲಿಂಟ್ ಪಟ್ಟಣದಲ್ಲಿ ಮೊದಲ ಷೆವರ್ಲೆ ಕಾರ್ವೆಟ್ ಹೊರಬಂದಾಗ ಅದರ ಇಡೀ ಮೈ ಫೈಬರಿನದು. ಆ ವರ್ಷ ಮಾಡಿದ್ದು 300 ಕಾರು ಮಾತ್ರ. ಉಕ್ಕಿನ ತಗಡನ್ನು ಒತ್ತಿ ಮೈ ಮಾಡಬೇಕೆಂದರೆ ಒಂದೊಂದು ಭಾಗಕ್ಕೂ ಭಾರಿ ಅಚ್ಚು ಬೇಕು. ಆ ಅಚ್ಚಿನ ಖರ್ಚು ಸಾವಿರಾರು ಗಾಡಿಗಳ ಮೇಲೆ ಹಂಚಿಹೋದರೆ ಮಾತ್ರ ಕಟ್ಟುತ್ತದೆ. ಫೈಬರಿಗೆ ಅಂಥ ಅಚ್ಚು ಬೇಡ. ಒಂದು ಮಾದರಿ ಇದ್ದರೆ ಅದರ ಮೇಲೆ ಫೈಬರಿನದೇ ಅಚ್ಚು ತೆಗೆದು, ಗಾಜಿನ ನಾರಿನ ಚಾಪೆ ಹಾಸಿ, ರೆಸಿನ್ ಉಣಿಸಿ, ಕೈಯಿಂದಲೇ ಮೈ ಎಬ್ಬಿಸಬಹುದು. ಕಡಿಮೆ ಸಂಖ್ಯೆಗೆ ಫೈಬರ್, ಹೆಚ್ಚು ಸಂಖ್ಯೆಗೆ ಉಕ್ಕು. ಕಾರ್ವೆಟಿಗೆ ಒಪ್ಪಿದ ಈ ಲೆಕ್ಕ ಇಂದು ನಮ್ಮ ಗ್ಯಾರೇಜಿಗೂ ಒಪ್ಪುತ್ತದೆ. ಹಳೇ ಗಾಡಿಯ ಬಿಡಿಭಾಗ ಬೇಕಾಗುವುದು ಒಂದೋ ಎರಡೋ ತಾನೆ.

ಬೆಂಗಳೂರಿನವರೂ ಈ ಲೆಕ್ಕ ಹಾಕಿದ್ದರು. ಸನ್‌ರೈಸ್ ಆಟೊ ಇಂಡಸ್ಟ್ರೀಸ್, ಮುಂದೆ ಸಿಪಾನಿ ಎಂದು ಹೆಸರಾದ ಕಂಪನಿ, 1970ರ ದಶಕದಲ್ಲಿ ಬಾದಲ್ ಎಂಬ ಮೂರು ಗಾಲಿಯ ಕಾರು ಮಾಡಿತು. 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ಮಾದರಿಯಲ್ಲಿ ಡಾಲ್ಫಿನ್ ತಂದಿತು. 848 ಸಿಸಿ ಎಂಜಿನ್, ಎರಡು ಬಾಗಿಲು, ಪೂರ್ತಿ ಫೈಬರಿನ ಮೈ. ಹಗುರವಿದ್ದ ಕಾರಣ ರ‍್ಯಾಲಿ ಓಡಿಸುವವರಿಗೆ ಅದು ಅಚ್ಚುಮೆಚ್ಚಾಯಿತು. ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಮರುವರ್ಷ, 1983ರ ಡಿಸೆಂಬರಿನಲ್ಲಿ, ಉಕ್ಕಿನ ಮೈಯ ನಾಲ್ಕು ಬಾಗಿಲಿನ ಮಾರುತಿ 800 ಬಂತು. ಕಾರೆಂದರೆ ತಟ್ಟಿದಾಗ ಠಣ್ ಅನ್ನಬೇಕು ಎಂದು ನಂಬಿದ್ದ ಮಂದಿಗೆ ಫೈಬರ್ ಹಿಡಿಸಲಿಲ್ಲ. ಇಂದು ಯಾರ ಬಳಿಯಾದರೂ ಡಾಲ್ಫಿನ್ ಉಳಿದಿದ್ದರೆ ಅದರ ಮೈ ಫೈಬರಿನದೇ ಇರಬೇಕು. ಅದಕ್ಕೆ ತಗಡಿನ ಮಡ್‌ಗಾರ್ಡ್ ಹೊಡೆಸಿದರೆ ಅದು ಡಾಲ್ಫಿನ್ನಿಗೆ ಮಾಡಿದ ಅನ್ಯಾಯ. ನಾನು ತಗಡಿನ ಪರ ಮಾತಾಡುವುದು ತಗಡಿನಲ್ಲಿ ಹುಟ್ಟಿದ ಗಾಡಿಗಳ ವಿಷಯದಲ್ಲಿ ಮಾತ್ರ.

ಈಗ ಹಗುರದ ವಾದಕ್ಕೆ ಬರುತ್ತೇನೆ. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.8 ಕೆಜಿಯಷ್ಟು ತೂಗುತ್ತದೆ. ಮೂರು ಮಿಲಿಮೀಟರ್ ದಪ್ಪದ ಫೈಬರ್ ಸುಮಾರು ನಾಲ್ಕೂವರೆ ಕೆಜಿ. ಎರಡು ಮಡ್‌ಗಾರ್ಡುಗಳಿಗೆ ಹೆಚ್ಚೆಂದರೆ ಎರಡು ಚದರ ಮೀಟರ್ ತಗಡು ಹಿಡಿದರೂ ಉಳಿಯುವುದು ಆರೇಳು ಕೆಜಿ. ಒಂದು ಟನ್ನಿಗೂ ಮಿಕ್ಕಿ ತೂಗುವ ಅಂಬಾಸಡರಿಗೆ ಇದು ಲೆಕ್ಕಕ್ಕೇ ಇಲ್ಲ. ರ‍್ಯಾಲಿ ಓಡಿಸದವರು ತೂಕದ ಮಾತನ್ನು ಬಿಟ್ಟುಬಿಡಬಹುದು.

ಬಿಸಿಲಿನ ಮಾತು ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯಲ್ಲಿ 42 ಡಿಗ್ರಿ ಮಾಮೂಲು. ಗಾಢ ಬಣ್ಣ ಬಳಿದ ಗಾಡಿಯ ಮೇಲ್ಮೈ ಅಂಥ ಬಿಸಿಲಲ್ಲಿ 70 ಡಿಗ್ರಿ ಮುಟ್ಟಬಲ್ಲದು. ಫೈಬರ್ ಅಂಗಡಿಗಳಲ್ಲಿ ಬಳಸುವ ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ ರೆಸಿನ್ 60ರಿಂದ 80 ಡಿಗ್ರಿಯ ನಡುವೆ ಬಿಗಿ ಕಳೆದುಕೊಳ್ಳತೊಡಗುತ್ತದೆ. ಹೊಸದಾಗಿ ಮಾಡಿ, ಪೂರ್ತಿ ಗಟ್ಟಿಯಾಗುವ ಮೊದಲೇ ಬಣ್ಣ ಬಳಿದು ಕೊಟ್ಟ ಮಡ್‌ಗಾರ್ಡಿನಲ್ಲಿ ಒಂದೆರಡು ಬೇಸಿಗೆ ಕಳೆದ ಮೇಲೆ ಒಳಗಿನ ನಾರಿನ ಗೆರೆಗಳು ಬಣ್ಣದ ಮೇಲೆ ಮೂಡಿ ಬರುತ್ತವೆ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಒಂದು ಕಡೆ ಬೆರಳು ಹಿಡಿಯುವಷ್ಟು ಅಗಲ, ಇನ್ನೊಂದು ಕಡೆ ಕಾಗದ ತೂರದಷ್ಟು ಬಿಗಿ ಆಗುತ್ತದೆ. ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಅಚ್ಚಿನಿಂದ ಬೇಗ ತೆಗೆದರೆ ಸೊಟ್ಟಗಾಗುತ್ತದೆ. ಸಾವಕಾಶ ಮಾಡುವ ಒಳ್ಳೆಯ ಕೆಲಸಗಾರರ ಕೈಯಲ್ಲಿ ಈ ದೋಷ ಕಡಿಮೆ. ಬೇಗ ಕೊಡಿ ಎಂದು ಅವಸರ ಮಾಡುವ ಗಿರಾಕಿಯ ಪಾಲೂ ಇದರಲ್ಲಿದೆ.

ಬಹಳ ಮಂದಿಗೆ ಹೊಳೆಯದ ಇನ್ನೊಂದು ತೊಂದರೆ ಅರ್ಥಿಂಗಿನದು. ಹಳೇ ಗಾಡಿಗಳ ವಿದ್ಯುತ್ ವ್ಯವಸ್ಥೆಯಲ್ಲಿ ಬಲ್ಬಿಗೆ ಹೋಗುವ ತಂತಿ ಒಂದೇ. ವಾಪಸು ಬರುವ ದಾರಿ ಗಾಡಿಯ ಮೈಯೇ. ಅಂಬಾಸಡರಿನ ಹೆಡ್‌ಲೈಟು, ಜೀಪಿನ ಮಡ್‌ಗಾರ್ಡಿನ ಮೇಲಿನ ಇಂಡಿಕೇಟರು ತಗಡಿನ ಮೂಲಕವೇ ಬ್ಯಾಟರಿಗೆ ಸುತ್ತು ಮುಗಿಸುತ್ತವೆ. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಮಡ್‌ಗಾರ್ಡ್ ಬದಲಿಸಿದ ಮರುದಿನ ಇಂಡಿಕೇಟರ್ ಕಣ್ಣು ಮಿಟುಕಿಸದಿದ್ದರೆ, ದೀಪ ಮಂಕಾದರೆ, ಬಲ್ಬನ್ನು ಬೈಯುವ ಮೊದಲು ಪ್ರತಿ ದೀಪದಿಂದ ಚಾಸಿಗೆ ಬೇರೆ ಅರ್ಥ್ ತಂತಿ ಎಳೆಸಬೇಕು. ಚಿಲ್ಲರೆ ಖರ್ಚಿನ ಕೆಲಸ, ಆದರೆ ಮಾಡದಿದ್ದರೆ ರಾತ್ರಿ ಹೆದ್ದಾರಿಯಲ್ಲಿ ಜೀವಕ್ಕೆ ಕುತ್ತು.

ಪೆಟ್ಟು ಬಿದ್ದಾಗಲೂ ಇವೆರಡರ ಸ್ವಭಾವ ಬೇರೆ. ತಗಡು ತಗ್ಗುತ್ತದೆ, ಮಡಚಿಕೊಳ್ಳುತ್ತದೆ, ಮತ್ತೆ ಬಡಿದರೆ ಎದ್ದು ಬರುತ್ತದೆ. ಫೈಬರ್ ಒಂದು ಮಿತಿಯವರೆಗೆ ಬಾಗಿ ತನ್ನಷ್ಟಕ್ಕೆ ಸರಿಹೋಗುತ್ತದೆ, ಮಿತಿ ಮೀರಿದರೆ ಸೀಳುತ್ತದೆ. ಸೀಳಿದ್ದನ್ನು ಚಾಪೆ, ರೆಸಿನ್ ಹಾಕಿ ಹಳ್ಳಿಯಲ್ಲೇ ಕೂಡಿಸಬಹುದು ಎಂಬುದು ಅದರ ಹೆಚ್ಚುಗಾರಿಕೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ರೆಸಿನ್ ಗಟ್ಟಿಯಾಗಲು ಬಳಸುವ ಕೋಬಾಲ್ಟ್ ಮತ್ತು ಪೆರಾಕ್ಸೈಡ್ ದ್ರವಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಒಂದನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಪೆರಾಕ್ಸೈಡ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ಮುಖಕ್ಕೆ ಟವೆಲ್ ಸುತ್ತಿಕೊಂಡು ಈ ಕೆಲಸ ಮಾಡುವ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗಾಡಿಯ ಮಾಲೀಕರು ಒಂದು ಕನ್ನಡಕ, ಒಂದು ಒಳ್ಳೆಯ ಮಾಸ್ಕ್ ತಂದುಕೊಟ್ಟರೆ ಬಡವರಾಗುವುದಿಲ್ಲ.

ತಗಡಿನ ಕೆಲಸ ಮಾಡುವವರ ಮಾತಿಗೆ ಬಂದರೆ, ಅಲ್ಲಿ ನೋಡಬೇಕಾದದ್ದು ಕೈಯನ್ನು. ಒಳ್ಳೆಯ ಡೆಂಟರ್ ಕೊಳೆತ ಭಾಗವನ್ನು ಮಾತ್ರ ಕತ್ತರಿಸಿ ತೆಗೆಯುತ್ತಾನೆ. ಹೊಳೆಯುವ ಗಟ್ಟಿ ಕಬ್ಬಿಣ ಕಾಣುವವರೆಗೆ ಕತ್ತರಿಸುತ್ತಾನೆ, ಅದಕ್ಕಿಂತ ಒಂದಿಂಚೂ ಹೆಚ್ಚಿಲ್ಲ. ಅಷ್ಟೇ ದಪ್ಪದ, ಸಾಮಾನ್ಯವಾಗಿ 20 ಗೇಜಿನ ಹೊಸ ತಗಡನ್ನು ಮರದ ದಿಮ್ಮಿಯ ಮೇಲೆ, ಮರಳಿನ ಚೀಲದ ಮೇಲೆ ಬಡಿದು ಬಡಿದು ಉಬ್ಬು ತರುತ್ತಾನೆ. ಒಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಹೊರಗಿನಿಂದ ಸುತ್ತಿಗೆ ಹಾಕುತ್ತಾನೆ. ಕಣ್ಣಿಗಿಂತ ಹೆಚ್ಚು ಅಂಗೈಯನ್ನು ನಂಬುತ್ತಾನೆ. ಬೆಸುಗೆ ಒಂದೇ ಉಸಿರಿಗೆ ಹಾಕಿದರೆ ಶಾಖಕ್ಕೆ ತಗಡು ಹಪ್ಪಳದ ಹಾಗೆ ಸುರುಟುತ್ತದೆ. ಅದಕ್ಕೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ಹಾಕುತ್ತಾನೆ. ಹಿಗ್ಗಿದ ಕಡೆ ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸುತ್ತಾನೆ. ಕೊನೆಗೆ ಪುಟ್ಟಿ ಹಾಕಿದರೂ ತೆಳುವಾದ ಒಂದು ಪದರ ಮಾತ್ರ.

ಇಂಥ ಕೈಗಳು ಈಗ ಕಡಿಮೆಯಾಗುತ್ತಿವೆ. ಹೊಸ ಕಾರುಗಳಿಗೆ ಪೆಟ್ಟಾದರೆ ಇಡೀ ಭಾಗವನ್ನೇ ಕಿತ್ತು ಹೊಸದು ಜೋಡಿಸುತ್ತಾರೆ, ಇನ್ಶೂರೆನ್ಸ್ ಹಣ ಕೊಡುತ್ತದೆ, ಬಡಿಯುವ ಅಗತ್ಯವೇ ಇಲ್ಲ. ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳ ಹಳೇ ಗ್ಯಾರೇಜುಗಳಲ್ಲಿ ವಯಸ್ಸಾದ ಡೆಂಟರುಗಳು ಇನ್ನೂ ಇದ್ದಾರೆ, ಅವರ ಪಕ್ಕದಲ್ಲಿ ಕೂತು ಕಲಿಯುವ ಹುಡುಗರು ಕಾಣುವುದಿಲ್ಲ. ಹಳೇ ಗಾಡಿಯ ಒಂದು ತಗಡಿನ ಕೆಲಸ ಅವರ ಕೈಗೆ ಕೊಟ್ಟರೆ ಗಾಡಿಯೂ ಉಳಿಯುತ್ತದೆ, ಆ ವಿದ್ಯೆಯೂ ಇನ್ನೊಂದಿಷ್ಟು ಕಾಲ ಉಳಿಯುತ್ತದೆ. ನಾನು ತಗಡಿನ ಪರ ನಿಲ್ಲಲು ಇದು ದೊಡ್ಡ ಕಾರಣ.

ಕಾನೂನಿನದೂ ಒಂದು ಕಾರಣವಿದೆ. 2021ರ ಜುಲೈನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು ಮೂಲ ರೂಪದಲ್ಲೇ ಇದ್ದರೆ, ಚಾಸಿ, ಮೈ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿಲ್ಲದಿದ್ದರೆ, ಅವಕ್ಕೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಅಂಥ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಮಡ್‌ಗಾರ್ಡ್ ಮೈಯ ಭಾಗವೇ ಎಂದು ಯಾರಾದರೂ ವಾದ ಹೂಡಬಹುದು. ಆ ವಾದ ಮಾಡುವ ಪ್ರಸಂಗವನ್ನೇ ತಂದುಕೊಳ್ಳಬಾರದು ಎಂಬುದು ನನ್ನ ಮಾತು. ಈ ನಿಯಮದಿಂದ ನಮ್ಮ ಕಡೆಯ 1970ರ ಹಿಂದುಮುಂದಿನ ಜೀಪುಗಳಿಗೂ ಅಂಬಾಸಡರುಗಳಿಗೂ ಒಂದು ಗೌರವ ಸಿಕ್ಕಿದೆ. ವಿಂಟೇಜ್ ಅಂದರೆ ಅರಸರ ಗಾಡಿಗಳೇ ಆಗಬೇಕಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೋ ಹೋದವರು ಅಲ್ಲಿನ ಹಳೇ ಗಾಡಿಗಳ ಮಡ್‌ಗಾರ್ಡಿನ ಅಂಚುಗಳನ್ನು ಹತ್ತಿರದಿಂದ ನೋಡಬೇಕು. ತಂತಿ ಸುತ್ತಿದ ಆ ದುಂಡು ಅಂಚು ಫೈಬರಿನಲ್ಲಿ ಎಂದೂ ಹಾಗೆ ಮೂಡುವುದಿಲ್ಲ.

ಫೈಬರ್ ಯಾವಾಗ ಸರಿ? ದಿನಾ ಹೊಲಕ್ಕೆ ಹೋಗುವ, ಗೊಬ್ಬರ ಹೊರುವ, ಹತ್ತು ಕಡೆ ತೇಪೆ ಕಂಡು ಮೂಲ ರೂಪ ಎಂದೋ ಕಳೆದುಕೊಂಡ ಜೀಪಿಗೆ ಸರಿ. ಮೂಲ ಮಡ್‌ಗಾರ್ಡ್ ಪೂರ್ತಿ ಹೋಗಿ, ಬೆಂಗಳೂರಿನ ಶಿವಾಜಿನಗರ, ಮುಂಬೈನ ಕುರ್ಲಾ ಗುಜರಿಗಳಲ್ಲೂ ಜೋಡಿ ಸಿಗದೆ, ಹೊಸದು ಹೊಡೆಸಲು ಸದ್ಯಕ್ಕೆ ಹಣವಿಲ್ಲದಿದ್ದರೂ ಸರಿ. ಆದರೆ ಹಾಕಿಸುವಾಗ ಗಾಡಿಯ ಮೂಲ ಬೋಲ್ಟಿನ ತೂತುಗಳನ್ನೇ ಬಳಸಬೇಕು, ಹೊಸ ತೂತು ಕೊರೆಯಬಾರದು, ಇರುವ ಪಟ್ಟಿಗಳನ್ನು ಕತ್ತರಿಸಬಾರದು. ಬೋಲ್ಟಿನ ಕೆಳಗೆ ಅಗಲ ವಾಷರ್, ರಬ್ಬರ್ ಇರಬೇಕು. ನಾಳೆ ತಗಡು ಸಿಕ್ಕರೆ ಫೈಬರನ್ನು ಬಿಚ್ಚಿ ಅದನ್ನು ಕೂರಿಸುವಂತಿರಬೇಕು.

ಹಳೇ ಗಾಡಿ ಕೊಳ್ಳಲು ಹೊರಟವರು ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ತೆಳು ಬಟ್ಟೆ ಸುತ್ತಿ ಮಡ್‌ಗಾರ್ಡಿನ ಮೇಲೆ ಆಡಿಸಿ. ಗಟ್ಟಿಯಾಗಿ ಕಚ್ಚಿದರೆ ತಗಡು. ಕಚ್ಚದೆ ಜಾರಿದರೆ ಫೈಬರ್, ಇಲ್ಲವೇ ತಗಡಿನ ಮೇಲೆ ದಪ್ಪಗೆ ಪುಟ್ಟಿ. ಮೂರರಲ್ಲಿ ಕೆಟ್ಟದ್ದು ಈ ಪುಟ್ಟಿಯೇ. ಅದು ತೇವ ಕುಡಿದು ಒಳಗೊಳಗೇ ತಗಡನ್ನು ಕೊಲ್ಲುತ್ತದೆ, ಹೊರಗೆ ಬಣ್ಣ ಮಾತ್ರ ಫಳಫಳ.

ತಗಡನ್ನು ಆರಿಸಿಕೊಂಡವರು ಅದನ್ನು ಉಳಿಸಿಕೊಳ್ಳುವ ಕೆಲಸವನ್ನೂ ಮಾಡಬೇಕು. ಮಳೆಗಾಲದಲ್ಲಿ ಹೊಲದಿಂದ ಬಂದ ಗಾಡಿಯ ಮಡ್‌ಗಾರ್ಡಿನ ಒಳಗೆ ನೀರಿನ ಪೈಪ್ ಬಿಟ್ಟು, ಮಣ್ಣು ಹಸಿ ಇರುವಾಗಲೇ ತೊಳೆಯಿರಿ. ಒಣಗಿದ ಎರಿ ಮಣ್ಣು ಬಿಡಿಸುವುದು ಕಷ್ಟ. ಬಣ್ಣಕ್ಕೆ ಮೊದಲು ಸತುವಿನ ಪ್ರೈಮರ್ ಬಳಿಸಿ, ಒಳಬದಿಗೆ ಅಂಡರ್ ಕೋಟಿಂಗ್ ಹಾಕಿಸಿ. ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ನಮ್ಮ ಕಡೆಯ ರೂಢಿ ತುಕ್ಕನ್ನು ಸ್ವಲ್ಪ ತಡೆದರೂ ಕೆಳಗಿನ ರಬ್ಬರ್ ಬುಷ್ಷುಗಳನ್ನು ತಿನ್ನುತ್ತದೆ, ಬೇಡ.

ಇನ್ನೊಂದೇ ಮಾತು. ಫೈಬರ್ ಹಾಕಿಸಲೇಬೇಕಾಗಿ ಬಂದರೂ ಬಿಚ್ಚಿದ ಹಳೇ ತಗಡಿನ ಮಡ್‌ಗಾರ್ಡನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಎಷ್ಟೇ ತೂತು ಬಿದ್ದಿದ್ದರೂ ಮುಂದೆ ಹೊಸ ತಗಡು ಹೊಡೆಯುವ ಡೆಂಟರಿಗೆ ಅಳತೆ ಸಿಗುವುದು ಅದರಿಂದಲೇ. ಮಣ್ಣು ತೆಗೆದು, ರೆಡ್ ಆಕ್ಸೈಡ್ ಬಳಿದು, ಮಳೆ ತಾಗದ ಕಡೆ ತೂಗುಹಾಕಿ ಇಡಿ.